ತರಗೆಲೆಯನ್ನು ಗೇಟಿನಾಚೆ ಹಾಕುವುದು ಬಿಟ್ಟ ಮೇಲೆ

ಮೈಸೂರಿನಲ್ಲಿ ನಮ್ಮದು 40–60ರ ಸೈಟು. ಗೇಟಿನ ಪಕ್ಕ ಬಾದಾಮಿ ಮರ, ಮುಂದೆ ಹೊಂಗೆ, ಹಿತ್ತಲಲ್ಲಿ ಹಲಸು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಬಾದಾಮಿ ಎಲೆ ಕೆಂಪಾಗಿ ಉದುರಲು ಶುರು. ಅದು ಮುಗಿಯಿತು ಅನ್ನುವಾಗ, ಶಿವರಾತ್ರಿ ಆಸುಪಾಸಿಗೆ, ಹೊಂಗೆ ಮೈ ಕೊಡವುತ್ತದೆ. ಹಲಸಿಗೆ ಕಾಲ ಅಂತೇನಿಲ್ಲ, ವರ್ಷವಿಡೀ ದಿನಕ್ಕೆ ಹತ್ತಿಪ್ಪತ್ತು ಎಲೆ.

ಮೊದಲ ನಾಲ್ಕು ವರ್ಷ ದಿನಾ ಬೆಳಿಗ್ಗೆ ಇಡೀ ಅಂಗಳ ಗುಡಿಸಿ, ಚೀಲಕ್ಕೆ ತುಂಬಿ, ಗೇಟಿನಾಚೆ ಸುರಿಯುತ್ತಿದ್ದೆ. ಬೀದಿಯಲ್ಲಿ ಎಲ್ಲರೂ ವಾರಕ್ಕೊಮ್ಮೆ ಬೆಂಕಿ ಹಚ್ಚುತ್ತಿದ್ದರು, ನಾನೂ ಹಚ್ಚುತ್ತಿದ್ದೆ. ಆ ಹೊಗೆಗೆ ಮಗಳು ರಾತ್ರಿಯೆಲ್ಲ ಕೆಮ್ಮುತ್ತಿದ್ದಳು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶ ಮಾಡಿತ್ತು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಕಸ ವಿಲೇವಾರಿ ಬಗ್ಗೆ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ್ದ ಅರ್ಜಿಯೇ ಕೊನೆಗೆ ಅಲ್ಲಿಗೆ ಹೋಗಿ ಈ ಆದೇಶ ಬಂದದ್ದು. ನನಗೆ ಅದು ಗೊತ್ತಾದದ್ದು ತುಂಬಾ ತಡವಾಗಿ.

ನನ್ನನ್ನು ನಿಲ್ಲಿಸಿದ್ದು ಮಾತ್ರ ಅಮ್ಮ. ಶಿರಸಿ ಕಡೆಯ ತೋಟದ ಮನೆಯವಳು. ಅಲ್ಲಿ ಬೇಸಿಗೆ ಬಂತೆಂದರೆ ಬೆಟ್ಟಕ್ಕೆ ಹೋಗಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ, ಬಲೆಯಂಥ ದೊಡ್ಡ ದೊಡ್ಡ ಕಲ್ಲಿಗಳಲ್ಲಿ ಹೊತ್ತು ತರುತ್ತಾರೆ. ಅದು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಾಗಿ, ಗೊಬ್ಬರವಾಗಿ, ಅಡಿಕೆ ಮರದ ಬುಡ ಸೇರುತ್ತದೆ. ಒಂದು ಸಲ ಇಲ್ಲಿಗೆ ಬಂದವಳು ನನ್ನ ರಾಶಿ ನೋಡಿ, "ಇಷ್ಟು ಚೊಲೋ ದರಕು! ಬೆಂಕಿಗೆ ಹಾಕದಾ ತಂಗಿ?" ಅಂದಳು. ಊರಲ್ಲಿ ಮೈಲಿಗಟ್ಟಲೆ ನಡೆದು ತರುವುದನ್ನು ಇಲ್ಲಿ ಕೈಯಾರೆ ಸುಡುತ್ತಿದ್ದೇನೆ ಅಂತ ಅವತ್ತು ಹೊಳೆಯಿತು.

ಆಮೇಲೆ ಕೆಲಸವನ್ನೇ ಬೇರೆ ಥರ ನೋಡಿದೆ. ಸೊಂಟ ನೋಯುವುದು ಗುಡಿಸಿದ್ದಕ್ಕಲ್ಲ. ಬಗ್ಗಿ ಬಾಚುವುದು, ತುಂಬುವುದು, ಹೊರುವುದು, ಇವಕ್ಕೆ. ಹಾಗಾದರೆ ಎಲೆ ಬಿದ್ದಲ್ಲಿಂದ ನಾಲ್ಕು ಹೆಜ್ಜೆಗಿಂತ ದೂರ ಹೋಗಲೇಬಾರದು ಅಂತ ತೀರ್ಮಾನ ಮಾಡಿದೆ.

ಈಗ ದಿನಾ ಗುಡಿಸುವುದು ಗೇಟಿನಿಂದ ಬಾಗಿಲವರೆಗಿನ ಸಿಮೆಂಟು ದಾರಿ ಮಾತ್ರ. ಮಣ್ಣಿನ ಮೇಲೆ ಬಿದ್ದದ್ದು ಅಲ್ಲೇ ಇರಲಿ. ಬೆಳಿಗ್ಗೆ ಇಬ್ಬನಿಗೆ ಎಲೆ ಸ್ವಲ್ಪ ಮೆತ್ತಗಿರುವಾಗಲೇ ಗುಡಿಸಿದರೆ ಹಾರುವುದಿಲ್ಲ, ಧೂಳೂ ಏಳುವುದಿಲ್ಲ. ಉದ್ದ ಕೋಲಿಗೆ ಕಟ್ಟಿದ ತೆಂಗಿನಕಡ್ಡಿ ಪೊರಕೆ ಇದ್ದರೆ ಬಗ್ಗುವುದೂ ಬೇಡ. ರಾಶಿ ಜಾಸ್ತಿಯಾದ ದಿನ ಹಳೇ ಸೀರೆಯನ್ನು ಮಡಚಿ ನೆಲಕ್ಕೆ ಹಾಸಿ, ಅದರ ಮೇಲೇ ಗುಡಿಸಿ, ನಾಲ್ಕು ತುದಿ ಹಿಡಿದು ಎಳೆದುಕೊಂಡು ಹೋಗುತ್ತೇನೆ. ಚೀಲಕ್ಕೆ ತುಂಬುವ ಕೆಲಸವೇ ಇಲ್ಲ.

ಎಳೆದದ್ದು ಮೊದಲು ಗಿಡಗಳ ಬುಡಕ್ಕೆ. ಮೂರು–ನಾಲ್ಕು ಇಂಚು ಹರಡಿದರೆ ಬೇಸಿಗೆಯಲ್ಲಿ ಮಣ್ಣು ಬೇಗ ಒಣಗುವುದಿಲ್ಲ, ಕಳೆಯೂ ಕಡಿಮೆ. ನಮ್ಮ ದಾಸವಾಳಕ್ಕೆ ದಿನಾ ಬೇಕಿದ್ದ ನೀರು ಈಗ ಎರಡು ದಿನಕ್ಕೊಮ್ಮೆ ಸಾಕು. ಆದರೆ ಕಾಂಡಕ್ಕೆ ತಾಗಿಸಬೇಡಿ. ಮೊದಲ ವರ್ಷ ಸೀಬೆ ಗಿಡದ ಕಾಂಡಕ್ಕೇ ಒತ್ತಿ ರಾಶಿ ಹಾಕಿದ್ದೆ. ಮಳೆಗಾಲದಲ್ಲಿ ತೊಗಟೆ ಕೊಳೆಯಿತು, ಗೆದ್ದಲೂ ಹಿಡಿಯಿತು. ಮೂರು ವರ್ಷ ಸಾಕಿದ ಗಿಡ ಹೋಯಿತು. ಈಗಲೂ ಆ ಜಾಗ ನೋಡಿದರೆ ಹೊಟ್ಟೆ ಉರಿಯುತ್ತದೆ. ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಟ್ಟರೆ ಈ ತೊಂದರೆ ಇಲ್ಲ.

ಬುಡಕ್ಕೆ ಹಾಕಿ ಉಳಿದದ್ದು ಪಂಜರಕ್ಕೆ. ಹಾರ್ಡ್‌ವೇರ್ ಅಂಗಡಿಯಿಂದ ಕೋಳಿ ಗೂಡಿಗೆ ಕಟ್ಟುವ ಜಾಲರಿ ತಂದೆ, 3 ಅಡಿ ಎತ್ತರದ್ದು, 10 ಅಡಿ ಉದ್ದ. ಸುತ್ತಿ ತಂತಿಯಲ್ಲಿ ಕಟ್ಟಿದರೆ 3 ಅಡಿ ಅಗಲದ ಗುಂಡನೆಯ ಪಂಜರ. ತಳ ಇಲ್ಲ, ನೇರ ಮಣ್ಣಿನ ಮೇಲೆ ಹೊಂಗೆ ನೆರಳಲ್ಲಿ ನಿಲ್ಲಿಸಿದ್ದೇನೆ. ಎರೆಹುಳ ಕೆಳಗಿನಿಂದ ತಾನೇ ಹತ್ತಿ ಬರುತ್ತದೆ.

ಮೊದಲ ಸಲ ಸುಮ್ನೆ ಎಲೆ ತುಂಬಿ ಬಿಟ್ಟಿದ್ದೆ. ಆರು ತಿಂಗಳಾದ ಮೇಲೆ ಕೆದಕಿದರೆ ಒಳಗೆಲ್ಲ ಒಣ ಒಣ. ಹಲಸಿನ ಎಲೆ ಚರ್ಮದಂತೆ ದಪ್ಪ. ಒಂದರ ಮೇಲೊಂದು ಹೆಂಚಿನ ಹಾಗೆ ಕೂತು ನೀರನ್ನು ಹೊರಗೇ ಜಾರಿಸಿತ್ತು. ಈಗ ಹಲಸು, ಬಾದಾಮಿ ಎಲೆಯನ್ನು ಮಧ್ಯಾಹ್ನದ ಬಿಸಿಲಲ್ಲಿ ಗರಿಗರಿಯಾದ ಮೇಲೆ ಗೋಣಿಚೀಲಕ್ಕೆ ಹಾಕಿ ತುಳಿಯುತ್ತೇವೆ. ಮಗಳಿಗೆ ಇದೇ ಆಟ. ಹತ್ತು ನಿಮಿಷ ಕುಣಿದರೆ ಒಂದು ಚೀಲ ಕಾಲು ಚೀಲವಾಗುತ್ತದೆ.

ಒಣ ಎಲೆಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಕೊಳೆಸುವ ಸೂಕ್ಷ್ಮಜೀವಿಗಳು ಚುರುಕಾಗಬೇಕಾದರೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇರಬೇಕು. ಅದಕ್ಕೇ ಒಂದಡಿ ಎಲೆ ತುಂಬಿದಾಗಲೆಲ್ಲ ಒಂದು ಬಕೆಟ್ ಸಗಣಿ ನೀರು ಹೊಯ್ಯುತ್ತೇನೆ. ಸಗಣಿ ಸಿಗದಿದ್ದರೆ ಹುಳಿ ಮಜ್ಜಿಗೆ ನೀರು, ಜೊತೆಗೆ ತರಕಾರಿ ಸಿಪ್ಪೆ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು. ಧಾರೆ ಬಂದರೆ ನೀರು ಜಾಸ್ತಿಯಾಗಿದೆ ಅಂತ. ಸಂಕ್ರಾಂತಿಯಿಂದ ಯುಗಾದಿವರೆಗೆ ತುಂಬಿದ್ದು ದೀಪಾವಳಿ ಹೊತ್ತಿಗೆ ತಳದಲ್ಲಿ ಕಪ್ಪಗೆ, ಪುಡಿಪುಡಿಯಾಗಿರುತ್ತದೆ. ಮೊದಲ ಮಳೆಗೆ ನೆಲ ಸೂಸುವ ವಾಸನೆಯೇ ಅದಕ್ಕೂ.

ಎದುರು ಮನೆ ಆಂಟಿ, "ಹಾವು ಬರಲ್ವಾ?" ಅಂತ ಕೇಳಿದರು. ಆ ಭಯ ನ್ಯಾಯವಾದದ್ದೇ. ಮೆಟ್ಟಿಲು, ಗೋಡೆ, ಮಕ್ಕಳು ಓಡಾಡುವ ಜಾಗದ ಹತ್ತಿರ ನಾನು ಎಲೆ ಬಿಡುವುದಿಲ್ಲ. ಹಳೇ ಪದರಕ್ಕೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕುತ್ತೇನೆ.

ಮಳೆ ಶುರುವಾದ ಮೇಲೆ ಬಾದಾಮಿ ಎಲೆಯ ಮೇಲೆ ಕಣ್ಣಿಡಬೇಕು. ಅದು ದೊನ್ನೆಯ ಹಾಗೆ ಸುರುಳಿಕೊಂಡು ನೀರು ಹಿಡಿಯುತ್ತದೆ, ಸೊಳ್ಳೆ ಮೊಟ್ಟೆ ಇಡಲು ಅಷ್ಟು ಸಾಕು. ಹಾಗಾಗಿ ಆ ಎಲೆ ತುಳಿಯದೆ ಎಲ್ಲೂ ಹರಡುವುದಿಲ್ಲ. ಅಂದ ಹಾಗೆ, ಮೀನಿನ ತೊಟ್ಟಿ ಇಟ್ಟವರಿಗೆ ಇದು ಬೇಕಾದ ಎಲೆ. ಪಕ್ಕದ ಬೀದಿಯ ಹುಡುಗ ಚೆನ್ನಾಗಿ ಒಣಗಿದ್ದನ್ನು ಆರಿಸಿಕೊಂಡು ಹೋಗುತ್ತಾನೆ.

ತಾರಸಿ ವಿಷಯದಲ್ಲಿ ಮಾತ್ರ ಸೋಮಾರಿತನ ಆಗದು. ಏಪ್ರಿಲ್ ಕೊನೆಗೆ, ಮಳೆ ಜೋರಾಗುವ ಮೊದಲೇ, ಒಂದು ಸಲ ಪೂರ್ತಿ ಗುಡಿಸಿ ನೀರಿನ ಪೈಪಿನ ಬಾಯಿಗೆ ಜಾಲರಿ ಕಟ್ಟುತ್ತೇನೆ. ಹೊಂಗೆ ಎಲೆ ಒಳಗೆ ಹೋಗಿ ಸಿಕ್ಕಿಕೊಂಡರೆ ತೆಗೆಯುವುದು ತುಂಬಾ ಕಷ್ಟ.

ಈ ವರ್ಷ ಹಲಸಿನ ಬುಡದಲ್ಲೂ ಒಂದು ಪಂಜರ ಇಡಬೇಕು. ಜಾಲರಿ ತಂದಾಗಿದೆ. ಅಮ್ಮ ಯುಗಾದಿಗೆ ಬರುತ್ತಾಳೆ, ಅಷ್ಟರಲ್ಲಿ ಅರ್ಧವಾದರೂ ತುಂಬಿರುತ್ತದೆ.