ಅಪೇಕ್ಷೆಯನ್ನು ಅರ್ಜಿ ಮಾಡುವುದು

ಕಾಸರಗೋಡಿನ ವಿದ್ಯಾನಗರದಲ್ಲಿ ಕಲೆಕ್ಟರೇಟಿಗೆ ಬರುವವರು ಬಸ್ಸಿಳಿದು ನಾಲ್ಕು ಹೆಜ್ಜೆ ನಡೆದರೆ ನನ್ನ ಜೆರಾಕ್ಸ್ ಅಂಗಡಿ ಸಿಗುತ್ತದೆ. ಬೋರ್ಡಿನಲ್ಲಿ ಜೆರಾಕ್ಸ್, ಡಿಟಿಪಿ, ಲ್ಯಾಮಿನೇಶನ್ ಎಂದಿದೆ. ಅನ್ನ ಕೊಡುವುದು ಮಾತ್ರ ಅರ್ಜಿ. ಕನ್ನಡದಲ್ಲೂ ಮಲಯಾಳದಲ್ಲೂ ಬರೆದುಕೊಡುತ್ತೇನೆ. ಪಿಂಚಣಿ, ರೇಷನ್ ಕಾರ್ಡ್, ಜಾಗದ ಅಳತೆ ಇವಕ್ಕೆಲ್ಲ ಕಂಪ್ಯೂಟರಿನಲ್ಲಿ ಅಚ್ಚು ತಯಾರಿದೆ, ಹೆಸರು ಬದಲಿಸಿದರೆ ಆಯಿತು. ರಸ್ತೆಯ ಅರ್ಜಿಗೆ ಅಂಥ ಅಚ್ಚು ಇಲ್ಲ. ಅದು ನನಗೆ ಅರ್ಥವಾಗಲು ಒಬ್ಬರು ಮಾಸ್ಟ್ರು ಬರಬೇಕಾಯಿತು.

ನಮ್ಮ ಕಾಸರಗೋಡಿನಲ್ಲಿ ಒಂದು ತಮಾಷೆ ಇದೆ. ಮಲಯಾಳದಲ್ಲಿ ಅರ್ಜಿಗೆ ‘ಅಪೇಕ್ಷ’ ಅನ್ನುತ್ತಾರೆ. ಕನ್ನಡದವರಿಗೆ ಅಪೇಕ್ಷೆ ಅಂದರೆ ಮನಸ್ಸಿನ ಆಸೆ. ರಸ್ತೆ ವಿಷಯಕ್ಕೆ ಬರುವವರು ತರುವುದು ಕನ್ನಡದ ಅಪೇಕ್ಷೆಯನ್ನೇ. ‘ಒಂದು ಹಂಪ್ ಬೇಕು’, ‘ಅಲ್ಲೊಂದು ನೋ ಪಾರ್ಕಿಂಗ್ ಬೋರ್ಡು ಹಾಕಿಸಿ ಮಾರಾಯ್ರೆ’. ಅದನ್ನು ಹಾಗೆಯೇ ಟೈಪ್ ಮಾಡಿಕೊಟ್ಟು ಅರವತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದ ಕಾಲ ನನಗೂ ಇತ್ತು. ಅವುಗಳಲ್ಲಿ ಎಷ್ಟು ಹಂಪ್ ಆದವು ಎಂದು ಕೇಳಬೇಡಿ.

ಮಾಸ್ಟ್ರು ಕನ್ನಡ ಮೀಡಿಯಂ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಮೊಮ್ಮಗಳು ನಡೆದುಹೋಗುವ ಶಾಲೆಯ ಓಣಿಗೆ ಹಂಪ್ ಬೇಕೆಂದು ಚಂದದ ಕನ್ನಡದಲ್ಲಿ ಒಂದೂವರೆ ಪುಟ ಬರೆದು ಒಂದು ಕಚೇರಿಗೆ ಕಳುಹಿಸಿದ್ದರು. ಎರಡು ತಿಂಗಳ ಮೇಲೆ ಮಲಯಾಳದಲ್ಲಿ ಉತ್ತರ ಬಂತು. ಅಕ್ಷರ ಕೂಡಿಸಿ ಓದುವಷ್ಟು ಮಲಯಾಳ ಅವರಿಗೆ ಗೊತ್ತು. ಕಾಗದವನ್ನು ನನ್ನ ಮೇಜಿನ ಮೇಲೆ ಬಡಿದರು.

“ನೋಡಿ, ಅನುವಾದ ಕೊಡ್ಲಿಕ್ಕೆ ಆಗುದಿಲ್ಲವಂತೆ! ಒಂದು ಕನ್ನಡ ಕಾಗದ ಅನುವಾದ ಮಾಡುವ ಜನ ಇವರ ಹತ್ರ ಇಲ್ಲವಾ?”

ಓದಿದೆ. ‘ಅನುವಾದಂ’ ಅಂತ ಇದ್ದದ್ದು ನಿಜ. ಮಲಯಾಳದಲ್ಲಿ ಅನುವಾದಂ ಎಂದರೆ ಅನುಮತಿ. ಹಂಪ್ ಹಾಕಲು ಅನುಮತಿ ಇಲ್ಲ ಎಂದು ಬರೆದಿದ್ದರು. ಮಾಸ್ಟ್ರು ಭಾಷೆಯ ಜಗಳ ಎಂದುಕೊಂಡು ಆ ಕಾಗದವನ್ನು ಒಂದು ತಿಂಗಳು ಜೇಬಿನಲ್ಲಿಟ್ಟುಕೊಂಡು ತಿರುಗಿದ್ದರು.

ಅವರ ಸಿಟ್ಟು ಪೂರ್ತಿ ತಪ್ಪೂ ಅಲ್ಲ. 1969ರ ಕೇರಳದ ಆಡಳಿತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು. ಆದರೆ ದಕ್ಷಿಣದ ಜಿಲ್ಲೆಯಿಂದ ವರ್ಗವಾಗಿ ಬಂದ ಕ್ಲರ್ಕಿಗೆ ಕನ್ನಡ ಅಕ್ಷರ ಕಂಡರೆ ಆ ಫೈಲ್ ಅಡಿಗೆ ಹೋಗುತ್ತದೆ. ಹಾಗಾಗಿ ನಾನು ಕನ್ನಡದ ಮೂಲಕ್ಕೆ ಮಲಯಾಳದ ಪ್ರತಿಯನ್ನೂ ಪಿನ್ ಮಾಡುತ್ತೇನೆ, ಕೊನೆಯಲ್ಲಿ ‘ಉತ್ತರವನ್ನು ಕನ್ನಡದಲ್ಲಿ ನೀಡಬೇಕಾಗಿ ವಿನಂತಿ’ ಎಂಬ ಸಾಲನ್ನೂ ಹಾಕುತ್ತೇನೆ. ಇದನ್ನು ಶರಣಾಗತಿ ಎಂದವರಿದ್ದಾರೆ. ಅನ್ನಲಿ. ಹಕ್ಕೂ ಉಳಿಯಬೇಕು, ಫೈಲೂ ನಡೆಯಬೇಕು.

ಆ ದಿನ ನನಗೇನು ತೋಚಿತೋ, “ಮಾಸ್ಟ್ರೆ, ನಾಳೆ ಬೆಳಿಗ್ಗೆ ಒಂದು ಸಲ ಆ ಓಣಿ ನೋಡಿ ಬರುವ” ಎಂದೆ.

ಹೋಗುವ ಮೊದಲು ರಸ್ತೆ ಯಾರದು ಎಂದು ಕೇಳಿಕೊಂಡೆ. ಅರ್ಧಕ್ಕರ್ಧ ಅರ್ಜಿ ಸಾಯುವುದು ಇಲ್ಲಿಯೇ. ಪೇಟೆಯೊಳಗೆ ಎಲ್ಲವೂ ನಗರಸಭೆಯದ್ದಲ್ಲ. ರಾಷ್ಟ್ರೀಯ ಹೆದ್ದಾರಿ 66 ಕೇಂದ್ರದ ಹೆದ್ದಾರಿಯವರದ್ದು, ಅಲ್ಲಿ ಹಂಪಿನ ಮಾತೇ ಎತ್ತಬಾರದು. ಚಂದ್ರಗಿರಿ ಸೇತುವೆ ದಾಟಿ ಕಾಞಂಗಾಡಿಗೆ ಹೋಗುವ ರಸ್ತೆ ರಾಜ್ಯ ಹೆದ್ದಾರಿ, ಅದು ಲೋಕೋಪಯೋಗಿ ಇಲಾಖೆಗೆ ಸೇರಿದ್ದು. ಬದಿಯಡ್ಕದ ಮೇಲಿನಿಂದ ಹೋಗುವ ಚೆರ್ಕಳ–ಕಲ್ಲಡ್ಕ ರಸ್ತೆಯೂ ಹಾಗೆಯೇ. ಒಳಗಿನ ಓಣಿಗಳು ನಗರಸಭೆಗೋ ಪಂಚಾಯತಿಗೋ ಸೇರಿದವು. ಯಾರದ್ದಲ್ಲವೋ ಅವರಿಗೆ ಬರೆದರೆ ‘ಯುಕ್ತ ಕ್ರಮಕ್ಕಾಗಿ ಕಳುಹಿಸಿದೆ’ ಎಂಬ ಒಂದು ಸಾಲು ಬರುತ್ತದೆ, ಆಮೇಲೆ ಮೌನ. ಮಾಸ್ಟ್ರ ಓಣಿ ನಗರಸಭೆಯದ್ದು.

ಮೂರು ಬೆಳಿಗ್ಗೆ, ಸೋಮವಾರ, ಮಂಗಳವಾರ, ಗುರುವಾರ, ಒಂಬತ್ತು ಇಪ್ಪತ್ತರಿಂದ ಒಂಬತ್ತು ಐವತ್ತೈದರವರೆಗೆ ಮುಚ್ಚಿದ ಅಂಗಡಿಯ ಜಗಲಿಯಲ್ಲಿ ಕುಳಿತೆವು. ಮಾಸ್ಟ್ರು ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದು ಮಕ್ಕಳನ್ನು ಎಣಿಸಿದರು. ನಾನು ನಿಂತ ವಾಹನಗಳ ನಂಬರಿನ ಕೊನೆಯ ನಾಲ್ಕು ಅಂಕೆ ಬರೆದುಕೊಂಡೆ. ಮೊದಲ ದಿನವೇ ಒಂದು ಕಣ್ಣಿಗೆ ಬಿತ್ತು: ಆ ಹೊತ್ತಿನಲ್ಲಿ ಅಲ್ಲಿ ಯಾರೂ ವೇಗವಾಗಿ ಓಡಿಸುವುದಿಲ್ಲ. ಓಡಿಸಲು ಜಾಗವೇ ಇಲ್ಲ. ರಸ್ತೆಗಳ ಅಳತೆ ಗೊತ್ತುಮಾಡುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ವಾಹನದ ವೇಗವನ್ನು ಗಂಟೆಗೆ 25 ಕಿಲೋಮೀಟರಿಗೆ ಇಳಿಸಲು ಅದನ್ನು ಮಾಡಿರುವುದು. ನಮ್ಮ ಓಣಿಯಲ್ಲಿ ಬೈಕೂ ಅಷ್ಟು ಓಡುತ್ತಿರಲಿಲ್ಲ. ಹಂಪ್ ಸಿಕ್ಕಿದ್ದರೆ ಇನ್ನೊಂದು ತಡೆ ಸಿಕ್ಕಿದಂತಾಗುತ್ತಿತ್ತು, ಅಷ್ಟೆ.

ಟೇಪ್ ಹಿಡಿದೆವು. ಟಾರು 18 ಅಡಿ. ಎಡಕ್ಕೆ ಸಾಮಾನು ಇಳಿಸುವ ಗೂಡ್ಸ್ ಆಟೋ, ಐದು ಅಡಿ. ಬಲಕ್ಕೆ ಕಾರು, ಹತ್ತಿರ ಹತ್ತಿರ ಆರು. ಉಳಿದದ್ದು ಏಳು. ಶಾಲೆಯ ಬಸ್ಸಿಗೆ ಎಂಟು ಬೇಕು. ಬಸ್ಸು ಹಾರನ್ ಹಾಕುತ್ತಾ ನುಗ್ಗಿದಾಗ ಮಕ್ಕಳು ಹೋಗುವುದು ಚರಂಡಿಯ ಚಪ್ಪಡಿ ಮೇಲೆ. ಆ ಚಪ್ಪಡಿ ಒಂದು ಕಡೆ ಹನ್ನೊಂದು ಅಡಿ ಉದ್ದಕ್ಕೆ ಇಲ್ಲವೇ ಇಲ್ಲ. ಯುಕೆಜಿಯ ಒಂದು ಹುಡುಗಿ ಅಲ್ಲಿಗೆ ಬಂದವಳು ನಿಂತಳು, ಚರಂಡಿಯನ್ನು ನೋಡಿದಳು, ಬಸ್ಸನ್ನು ನೋಡಿದಳು, ಕೊಡೆಯನ್ನು ಬ್ಯಾಗಿಗೆ ಸಿಕ್ಕಿಸಿ ಎರಡು ಕೈಯನ್ನೂ ಖಾಲಿ ಮಾಡಿಕೊಂಡು ಹಾರಿದಳು. ದಿನಾ ಮಾಡುವ ಕೆಲಸದ ಹಾಗೆ. ಮಾಸ್ಟ್ರು ಆ ನಿಮಿಷ ಎಣಿಸುವುದನ್ನು ಬಿಟ್ಟಿದ್ದರು.

ನಂಬರುಗಳು ಇನ್ನೊಂದು ಕಥೆ ಹೇಳಿದವು. ನಿಂತ ಹದಿನಾಲ್ಕು ವಾಹನಗಳಲ್ಲಿ ಒಂಬತ್ತು ಮೂರೂ ದಿನ ಅವೇ. ಗಿರಾಕಿಗಳದ್ದಲ್ಲ, ಅಂಗಡಿಯವರದ್ದೇ. ‘ಪಾರ್ಕಿಂಗ್ ತೆಗೆದರೆ ವ್ಯಾಪಾರ ಹೋಗುತ್ತದೆ’ ಎಂದು ಆಮೇಲೆ ಎದ್ದ ಮಾತಿಗೆ ಆ ಚೀಟಿಯೇ ಉತ್ತರವಾಯಿತು.

ಹೊಸ ಅರ್ಜಿ ಒಂದೇ ಪುಟ. ಅದರಲ್ಲಿ ‘ಹಂಪ್’ ಎಂಬ ಶಬ್ದವೇ ಇಲ್ಲ. ಜಾಗ, ಹೊತ್ತು, ಅಳತೆ, ಎಣಿಕೆ, ಕೈಯಲ್ಲಿ ಎಳೆದ ಒಂದು ನಕ್ಷೆ. ಕೇಳಿದ್ದು ಮೂರು: ಶಾಲೆ ಕೂಡುವ, ಬಿಡುವ ಹೊತ್ತಿಗೆ ಒಂದು ಬದಿಯಲ್ಲಿ ಪಾರ್ಕಿಂಗ್ ಬೇಡ, ಗೂಡ್ಸ್ ಇಳಿಸುವುದು ಹತ್ತೂವರೆಯ ಮೇಲೆ, ಹನ್ನೊಂದು ಅಡಿ ಚಪ್ಪಡಿ. ಚಪ್ಪಡಿಯ ವಿಷಯವನ್ನು ವಾರ್ಡ್ ಸಭೆಯಲ್ಲೂ ಹೇಳಿಸಿದೆವು, ಏಕೆಂದರೆ ಕಾಮಗಾರಿಗೆ ಹಣ ಬರಬೇಕಾದರೆ ಅದು ಯೋಜನೆಯ ಪಟ್ಟಿಗೆ ಏರಬೇಕು.

ಪಾರ್ಕಿಂಗಿನ ದಾರಿ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 117ನೇ ವಿಧಿ ಪ್ರಕಾರ ವಾಹನ ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವುದು ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು, ಸ್ಥಳೀಯ ಸಂಸ್ಥೆಯನ್ನು ಕೇಳಿಕೊಂಡು. ಶಟರಿನ ಮೇಲೆ ಅಂಗಡಿಯವರೇ ಕೆಂಪು ಬಣ್ಣದಲ್ಲಿ ಬರೆದ ‘ನೋ ಪಾರ್ಕಿಂಗ್’ ಅವರ ಅಪೇಕ್ಷೆ ಮಾತ್ರ. ನಮ್ಮಲ್ಲಿ ಇಂಥದ್ದು ಮೊದಲು ಕೂರುವುದು ಟ್ರಾಫಿಕ್ ರೆಗ್ಯುಲೇಟರಿ ಕಮಿಟಿಯ ಮುಂದೆ: ನಗರಸಭೆಯ ಅಧ್ಯಕ್ಷರು, ಪೊಲೀಸರು, ಮೋಟಾರು ವಾಹನ ಇಲಾಖೆ, ಲೋಕೋಪಯೋಗಿಯ ಎಂಜಿನಿಯರು. ಅದಕ್ಕಿಂತ ದೊಡ್ಡದಾದರೆ ಕಲೆಕ್ಟರರು ಅಧ್ಯಕ್ಷರಾಗಿರುವ ಜಿಲ್ಲಾ ರಸ್ತೆ ಸುರಕ್ಷಾ ಮಂಡಳಿ. ಕಮಿಟಿ ದಿನಾ ಸೇರುವುದಿಲ್ಲ, ಸೇರಿದ ದಿನ ನಮ್ಮ ವಿಷಯ ಅಜೆಂಡಾದಲ್ಲಿ ಇರಬೇಕು. ಅರ್ಜಿ ಕೊಟ್ಟಾಗ ಸಿಗುವ ನಂಬರನ್ನು ಕಳೆದುಕೊಂಡವರಿಗೆ ನಾನು ಏನೂ ಮಾಡಿಕೊಡಲಾರೆ. 2024ರ ಜನವರಿಯಿಂದ ನಗರಸಭೆಗಳಲ್ಲಿ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ ಫೈಲು ಎಲ್ಲಿದೆ ಎಂದು ಫೋನಿನಲ್ಲೇ ನೋಡಬಹುದು, ಮಾಸ್ಟ್ರಂಥವರಿಗೆ ಅದನ್ನು ನಾನೇ ನೋಡಿ ಹೇಳಬೇಕು.

ಎರಡು ತಿಂಗಳು ಅಲುಗಲಿಲ್ಲ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಮಾಹಿತಿ ಹಕ್ಕಿನಲ್ಲಿ ಒಂದೇ ಪ್ರಶ್ನೆ ಕೇಳಿದೆವು: ಈ ಫೈಲು ಯಾವ ದಿನ ಯಾರ ಮೇಜಿಗೆ ಬಂತು? ‘ಏಕೆ ಮಾಡಲಿಲ್ಲ’ ಎಂದು ಕೇಳಬಾರದು, ಅದಕ್ಕೆ ಉತ್ತರ ಬರುವುದಿಲ್ಲ. ಮೂವತ್ತು ದಿನದ ಗಡುವಿಗೆ ಇನ್ನೂ ಹದಿಮೂರು ದಿನ ಇರುವಾಗಲೇ ಸ್ಥಳ ಪರಿಶೀಲನೆಗೆ ಬರುತ್ತೇವೆಂದು ಫೋನು.

ಬಂದರು. ಬೆಳಿಗ್ಗೆ ಹನ್ನೊಂದೂವರೆಗೆ. ಓಣಿಯಲ್ಲಿ ಒಂದು ನಾಯಿ ಮಲಗಿತ್ತು. “ಇಲ್ಲಿ ಎಂತ ತೊಂದರೆ?” ಎಂದರು. ಅವರ ತಪ್ಪೇನಿಲ್ಲ, ಕಚೇರಿ ತೆರೆಯುವುದೇ ಶಾಲೆ ಕೂಡುವ ಹೊತ್ತಿಗೆ. ಮಾಸ್ಟ್ರು ಗಂಟೆ ನಮೂದಾದ ಫೋಟೋ ತೋರಿಸಿ, ದಯವಿಟ್ಟು ಒಂದು ದಿನ ಒಂಬತ್ತೂವರೆಗೆ ಬನ್ನಿ, ಚಹಾ ನನ್ನದು ಎಂದರು. ಒಬ್ಬ ಎಂಜಿನಿಯರು ಮನೆಯಿಂದ ನೇರ ಬಂದರು. ಆ ಯುಕೆಜಿ ಹುಡುಗಿ ಹಾರುವುದನ್ನು ಅವರೂ ನೋಡಿದರು.

ಕಮಿಟಿಯಲ್ಲಿ ಒಂದು ಬದಿ, ಎರಡು ಹೊತ್ತು ಎಂದು ತೀರ್ಮಾನವಾಯಿತು. ಓಣಿಯ ಬಾಯಿಗೆ ಸಮೀಪ ನಿಲ್ಲುತ್ತಿದ್ದ ಆಟೋಗಳನ್ನು ನಲವತ್ತು ಹೆಜ್ಜೆ ಆಚೆಗೆ ಹಾಕಿದರು, ಅದನ್ನು ನಾವು ಕೇಳಿಯೇ ಇರಲಿಲ್ಲ. ಬೋರ್ಡು ಬಂತು. ಬಿಳಿ ಗೆರೆ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಮುಗಿಯುವವರೆಗೆ ಕಾಯಬೇಕಾಯಿತು, ಒದ್ದೆ ರಸ್ತೆಗೆ ಆ ಬಣ್ಣ ಹಿಡಿಯುವುದಿಲ್ಲ. ಮಳೆಗಾಲದ ಮೊದಲು ಅಥವಾ ಅದರ ಮುಂದಿನ ಸೋಣ ತಿಂಗಳು ಕಳೆದ ಮೇಲೆ ಕೆಲಸ ಬೀಳುವ ಹಾಗೆ ಅರ್ಜಿ ಹಾಕಬೇಕು ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಚಪ್ಪಡಿ ಬಂದದ್ದು ಮರುವರ್ಷ. ಬೋರ್ಡಿನ ಮೇಲೆ ಉತ್ಸವದ ಫ್ಲೆಕ್ಸ್ ಎರಡು ಸಲ ಬಿತ್ತು, ಎರಡು ಸಲವೂ ಮಾಸ್ಟ್ರೇ ಬಿಚ್ಚಿದರು.

ಬೋರ್ಡು ನೆಟ್ಟ ವಾರದಲ್ಲೇ ಆಟೋ ಓಡಿಸುವ ಒಬ್ಬ ಇಚ್ಚ, ಅಂದರೆ ಅಣ್ಣ, ಅಂಗಡಿಗೆ ಬಂದ. ಸ್ಟ್ಯಾಂಡು ಆಚೆಗೆ ಹೋದ ಮೇಲೆ ಬಾಡಿಗೆ ಅರ್ಧವಾಗಿದೆ, ಒಂದು ಅಪೇಕ್ಷ ಬರೆಯಬೇಕು ಎಂದ. ಆ ಬೋರ್ಡಿಗೆ ಬರೆದವನು ನಾನೇ ಎಂದು ಹೇಳಿದೆ. ಗೊತ್ತು, ಅದಕ್ಕೇ ಇಲ್ಲಿಗೆ ಬಂದದ್ದು ಎಂದ.

ಮರುದಿನ ಹನ್ನೊಂದು ಗಂಟೆಗೆ ಟೇಪ್ ಹಿಡಿದು ಅವನ ಜೊತೆ ಹೋದೆ. ಶಾಲೆ ಕೂಡಿದ ಮೇಲೆ ಮಧ್ಯಾಹ್ನದವರೆಗೆ ಹಳೆಯ ಜಾಗದಲ್ಲಿ ಮೂರು ಆಟೋ ನಿಂತರೆ ಬಸ್ಸಿಗೆ ಹನ್ನೆರಡು ಅಡಿ ಉಳಿಯುತ್ತದೆ. ಹಾಗೆಂದೇ ಬರೆದೆ, ಅಳತೆ ಸಮೇತ. ಅರವತ್ತು ರೂಪಾಯಿ ಕೊಟ್ಟು, ವಾಪಸು ಹೋಗುವಾಗ ನನ್ನನ್ನು ಅಂಗಡಿಯವರೆಗೆ ಬಿಟ್ಟ. ಬಾಡಿಗೆ ತೆಗೆದುಕೊಳ್ಳಲಿಲ್ಲ.