ಮಹಿಳೆಯರ ಎಚ್‌ಐವಿ ಅಂಕಿಅಂಶ: ನಾನು ಲೆಕ್ಕ ಹಿಡಿಯುವ ಕ್ರಮ

2023ರ ಜಾಗತಿಕ ಅಂದಾಜಿನ ಪ್ರಕಾರ ಎಚ್‌ಐವಿಯೊಂದಿಗೆ ಬದುಕುತ್ತಿರುವವರಲ್ಲಿ ಶೇ. 53ರಷ್ಟು ಮಂದಿ ಮಹಿಳೆಯರು ಮತ್ತು ಹುಡುಗಿಯರು. ಅದೇ ವರ್ಷದ ಹೊಸ ಸೋಂಕುಗಳಲ್ಲಿ ಅವರ ಪಾಲು ಶೇ. 44. ಈ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ನಾನು ಕೆಲಸ ಶುರುಮಾಡುವುದು. ಮೊದಲನೆಯದು ಬದುಕಿರುವವರ ಲೆಕ್ಕ. ಗರ್ಭಿಣಿಯರಿಗೆ ಪರೀಕ್ಷೆ ಆಗುವುದರಿಂದ ಹೆಂಗಸರ ಸೋಂಕು ಬೇಗ ಗೊತ್ತಾಗುತ್ತದೆ, ಎಆರ್‌ಟಿ (ವೈರಸ್ಸನ್ನು ಹತೋಟಿಯಲ್ಲಿಡುವ ಔಷಧ ಚಿಕಿತ್ಸೆ) ಬೇಗ ಸಿಗುತ್ತದೆ, ಆಯುಸ್ಸು ಉಳಿಯುತ್ತದೆ. ಗಂಡಸರು ಚಿಕಿತ್ಸೆಗೆ ಬರುವುದೇ ತಡ. ಆದ್ದರಿಂದ ಮಹಿಳೆಯರ ಪಾಲು ಏರಿದ ಮಾತ್ರಕ್ಕೆ ಅವರಲ್ಲಿ ಸೋಂಕು ಹೆಚ್ಚುತ್ತಿದೆ ಎನ್ನಲಾಗದು. ಆ ಮಾತು ಹೇಳಬೇಕಾದರೆ ಹೊಸ ಸೋಂಕನ್ನೇ ನೋಡಬೇಕು, ಅದೂ ಪ್ರದೇಶವಾರು. ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ 2023ರ ಹೊಸ ಸೋಂಕುಗಳಲ್ಲಿ ಶೇ. 62 ಮಹಿಳೆಯರು ಮತ್ತು ಹುಡುಗಿಯರದು. ಜಾಗತಿಕ ಸರಾಸರಿಯಲ್ಲಿ ಈ ಅನ್ಯಾಯ ಕಾಣುವುದೇ ಇಲ್ಲ.

ಗರ್ಭಿಣಿಯರ ತಪಾಸಣೆಯ ರಿಜಿಸ್ಟರ್‌ನಿಂದ ಸೋಂಕಿನ ಪ್ರಮಾಣ ತೆಗೆಯುವಾಗಲೇ ಹೆಚ್ಚಿನ ತಪ್ಪು ನುಸುಳುತ್ತದೆ. ಸೋಂಕಿರುವುದು ಮೊದಲೇ ಗೊತ್ತಿದ್ದವರಿಗೆ ಮತ್ತೆ ಪರೀಕ್ಷೆ ಮಾಡುವುದಿಲ್ಲ, ಹಾಗಾಗಿ ಪರೀಕ್ಷೆಯ ಕಾಲಂನಲ್ಲಿ ಅವರು ಇರುವುದಿಲ್ಲ. ಅವರನ್ನು ಮೇಲಿನ ಸಂಖ್ಯೆಗೂ ಕೆಳಗಿನ ಸಂಖ್ಯೆಗೂ ಸೇರಿಸಬೇಕು. ಉದಾಹರಣೆಗೆ, ಮೊದಲೇ ಗೊತ್ತಿದ್ದವರು 8, ಪರೀಕ್ಷೆಯಾದವರು 980, ಅವರಲ್ಲಿ ಹೊಸದಾಗಿ ಪಾಸಿಟಿವ್ 4 ಎಂದಿಟ್ಟುಕೊಳ್ಳಿ. ಸರಿಯಾದ ಲೆಕ್ಕ 12 ಭಾಗಿಸು 988, ಅಂದರೆ ಶೇ. 1.2. ಬರೀ 4 ಭಾಗಿಸು 980 ಮಾಡಿದರೆ ಶೇ. 0.4 ಬರುತ್ತದೆ. ಚಿಕಿತ್ಸೆ ಹರಡಿದಂತೆ ಮೊದಲೇ ಗೊತ್ತಿರುವವರು ಹೆಚ್ಚುತ್ತಾರೆ, ಈ ತಪ್ಪೂ ವರ್ಷವರ್ಷ ಬೆಳೆದು ಸುಳ್ಳು ಇಳಿಕೆಯನ್ನು ತೋರಿಸುತ್ತದೆ.

ಗರ್ಭಿಣಿಯರ ಪ್ರಮಾಣವನ್ನು ಎಲ್ಲ ಮಹಿಳೆಯರಿಗೂ ಅನ್ವಯಿಸುವುದು ಇನ್ನೊಂದು ಅಪಾಯ. 15–19ರ ವಯಸ್ಸಿನಲ್ಲಿ ಗರ್ಭಿಣಿಯರೆಂದರೆ ಲೈಂಗಿಕ ಸಂಪರ್ಕ ಇರುವವರು ಮಾತ್ರ, ಆದ್ದರಿಂದ ಅಲ್ಲಿ ಪ್ರಮಾಣ ನಿಜಕ್ಕಿಂತ ಹೆಚ್ಚು ಬರುತ್ತದೆ. ವಯಸ್ಸು ಏರಿದಂತೆ ಇದು ತಿರುಗುಮುರುಗಾಗುತ್ತದೆ: ಚಿಕಿತ್ಸೆ ಸಿಗದ ಸೋಂಕು ಗರ್ಭ ನಿಲ್ಲುವ ಸಾಧ್ಯತೆಯನ್ನೇ ಕುಗ್ಗಿಸುವುದರಿಂದ ಸೋಂಕಿತರು ರಿಜಿಸ್ಟರ್‌ಗೆ ಬರುವುದೇ ಕಡಿಮೆ. ಐವತ್ತು ದಾಟಿದವರಂತೂ ಇದರಲ್ಲಿ ಇಲ್ಲವೇ ಇಲ್ಲ.

15–24ರ ವಯಸ್ಸಿನವರ ಸೋಂಕು ಇತ್ತೀಚಿನದೇ ಇರಬೇಕೆಂಬ ಲೆಕ್ಕದಲ್ಲಿ, ಅವರ ಸೋಂಕಿನ ಪ್ರಮಾಣವನ್ನು ಹೊಸ ಸೋಂಕಿನ ಸೂಚಕವಾಗಿ ಬಳಸುವ ರೂಢಿಯಿದೆ. ಈಗ ಅದರಲ್ಲೂ ಎಚ್ಚರ ಬೇಕು. ಹುಟ್ಟುವಾಗಲೇ ಸೋಂಕು ತಗುಲಿ ಎಆರ್‌ಟಿಯಿಂದ ಬೆಳೆದು ದೊಡ್ಡವರಾದ ಹುಡುಗಿಯರೂ ಆ ವಯಸ್ಸಿಗೆ ಬಂದಿದ್ದಾರೆ. ಅವರನ್ನು ಬೇರೆಯಾಗಿಯೇ ಗುರುತಿಸುತ್ತೇನೆ.

ಅಂದಾಜು ವರದಿಗಳ ವಿಷಯದಲ್ಲಿ ಒಂದೇ ನಿಯಮ. ಪ್ರತಿ ಸುತ್ತಿನಲ್ಲೂ ಹಿಂದಿನ ವರ್ಷಗಳನ್ನೂ ಹೊಸದಾಗಿ ಲೆಕ್ಕ ಹಾಕಿರುತ್ತಾರೆ. ಹೋದ ಸಲದ ವರದಿಯ ಸಂಖ್ಯೆಯನ್ನು ಈ ಸಲದ್ದಕ್ಕೆ ಜೋಡಿಸಿ ಗೆರೆ ಎಳೆಯಬಾರದು, ಇಡೀ ಸರಣಿಯನ್ನು ಒಂದೇ ಸುತ್ತಿನಿಂದ ತೆಗೆಯಬೇಕು.

ಕೊನೆಗೆ ನೋಡುವುದು ಗರ್ಭದ ಕೊನೆಯ ತಿಂಗಳುಗಳಲ್ಲಿ ಮತ್ತು ಎದೆಹಾಲು ಕುಡಿಸುವ ಅವಧಿಯಲ್ಲಿ ಮರುಪರೀಕ್ಷೆ ನಡೆದಿದೆಯೇ ಎಂಬುದನ್ನು. ಆಗ ಸೋಂಕು ತಗುಲಿದರೆ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ತೀರಾ ಹೆಚ್ಚಿರುತ್ತದೆ, ಮಗುವಿಗೆ ದಾಟುವ ಅಪಾಯವೂ ಹೆಚ್ಚು. ಮೊದಲ ಭೇಟಿಯ ‘ನೆಗೆಟಿವ್’ ಅದನ್ನು ಹೇಳಲಾರದು. ಆ ಕಾಲಂ ಖಾಲಿಯಿದ್ದರೆ ಸೊನ್ನೆ ತುಂಬುವುದಿಲ್ಲ, ‘ಪರೀಕ್ಷೆ ಆಗಿಲ್ಲ’ ಎಂದೇ ಬರೆಯುತ್ತೇನೆ.