ಕೊಂಬಿನ ಗೊಬ್ಬರಕ್ಕಿಂತ ಮೊದಲು ಕಾಂಪೋಸ್ಟ್

ರಾಸಾಯನಿಕ ಬಿಟ್ಟ ಮೊದಲ ವರ್ಷ ನನ್ನ ಟೊಮೆಟೊ ಗಿಡಗಳೆಲ್ಲ ಹಳದಿಯಾದವು. ತಪ್ಪು ನನ್ನದೇ. ಇನ್ನೂ ಕೊಳೆಯದ ಒಣ ಎಲೆ, ಹುಲ್ಲನ್ನು ಪಾತಿಯ ಮಣ್ಣಿಗೆ ಬೆರೆಸಿಬಿಟ್ಟಿದ್ದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಬಳಸಿಕೊಂಡವು. ಗಿಡದ ಪಾಲಿಗೆ ಉಳಿದದ್ದು ತುಂಬಾ ಕಡಿಮೆ.

ಆಮೇಲೆ ಕಾಂಪೋಸ್ಟ್ ಮಾಡುವುದನ್ನು ಸರಿಯಾಗಿ ಕಲಿತೆ. ಒಣ ಎಲೆಯ ಒಂದು ಪದರ, ಹಸಿ ಸೊಪ್ಪು ಮತ್ತು ಸಗಣಿಯ ಇನ್ನೊಂದು ಪದರ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಹಸಿ ಸೊಪ್ಪು, ಸಗಣಿಯಲ್ಲಿ ಸಾರಜನಕ ಹೆಚ್ಚು; ಇಂಗಾಲ 25–30 ಪಾಲಿಗೆ ಸಾರಜನಕ 1 ಪಾಲು ಇರಬೇಕು ಅನ್ನುವುದು ಲೆಕ್ಕ. ನಾನು ಮೂಗು, ಕೈಯನ್ನೇ ನಂಬುತ್ತೇನೆ. ಅಮೋನಿಯಾ ಘಾಟು ಬಂದರೆ ಹಸಿ ಜಾಸ್ತಿಯಾಗಿದೆ, ಒಣ ಎಲೆ ಸೇರಿಸಬೇಕು. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬಂದರೆ ಸಾಕು, ನೀರು ಸುರಿಯಬಾರದು. ಕೆಲವೇ ದಿನಗಳಲ್ಲಿ ರಾಶಿಯ ಒಳಗೆ 55ರಿಂದ 65 ಡಿಗ್ರಿ ಬಿಸಿ ಏರುತ್ತದೆ. ಕಳೆ ಬೀಜ, ರೋಗಾಣುಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ಬಿಸಿ ಇಳಿದಾಗ ಹೊರಗಿನದನ್ನು ಒಳಗೆ ಹಾಕಿ ಮಗುಚುತ್ತೇನೆ. ಮಳೆ ಬಿದ್ದ ಮಣ್ಣಿನ ವಾಸನೆ ಬರುವವರೆಗೆ ಅದನ್ನು ಪಾತಿಗೆ ಹಾಕುವುದಿಲ್ಲ. ಇದರಲ್ಲಿ ಅವಸರ ಮಾಡಲೇಬೇಡಿ.

ಕೊಂಬಿನ ಗೊಬ್ಬರದ ಬಗ್ಗೆ ತುಂಬಾ ಜನ ಕೇಳುತ್ತಾರೆ. 1924ರಲ್ಲಿ ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ ಕೊಟ್ಟ ಉಪನ್ಯಾಸಗಳಿಂದ ಬಯೋಡೈನಾಮಿಕ್ ಅನ್ನುವ, ರಾಸಾಯನಿಕವಿಲ್ಲದ ಕೃಷಿ ಪದ್ಧತಿ ಶುರುವಾಯಿತು. ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲವಿಡೀ ಹೂತಿಡುತ್ತಾರೆ. ಆ ಪದ್ಧತಿಯ ಕೊಂಬಿನ ಗೊಬ್ಬರ ಅದೇ, 500 ಅಂತಲೂ ಕರೆಯುತ್ತಾರೆ. ಎಕರೆಗೆ ಸುಮಾರು 25 ಗ್ರಾಂ, 13 ಲೀಟರ್ ನೀರು. ಒಂದು ಗಂಟೆ ಕಲಕಬೇಕು. ಒಂದು ಕಡೆಗೆ ತಿರುಗಿಸಿ ಸುಳಿ ಎಬ್ಬಿಸುವುದು, ಅದನ್ನು ಒಡೆದು ಇನ್ನೊಂದು ಕಡೆಗೆ ತಿರುಗಿಸುವುದು. ಸಂಜೆ ಮಣ್ಣಿಗೆ ಚಿಮುಕಿಸುತ್ತೇನೆ. 25 ಗ್ರಾಂನಲ್ಲಿ ಎಕರೆ ನೆಲಕ್ಕೆ ಆಗುವಷ್ಟು ಪೋಷಕಾಂಶ ಇರಲು ಸಾಧ್ಯವೇ ಇಲ್ಲ ಅಲ್ವಾ? ಹಾಗಾಗಿ ಬರಡು ಮಣ್ಣಿಗೆ ಇದೊಂದನ್ನೇ ಹಾಕಿ ಸುಮ್ನೆ ಕಾಯಬೇಡಿ. ಕಾಂಪೋಸ್ಟ್ ಹಾಕಿದ ಮೇಲೆ ಇದು. ನನಗಾದ ಲಾಭ ಇನ್ನೊಂದಿದೆ: ಚಿಮುಕಿಸುತ್ತಾ ಪ್ರತಿ ಪಾತಿಯನ್ನೂ ಹತ್ತಿರದಿಂದ ನೋಡುತ್ತೇನೆ. ಎಲೆಯ ಅಡಿ ಹೇನು ಕಂಡರೂ, ಪಕ್ಕದಲ್ಲಿ ಗುಲಗಂಜಿ ಹುಳು ಇದ್ದರೆ ಏನನ್ನೂ ಸಿಂಪಡಿಸುವುದಿಲ್ಲ. ಅದೇ ತಿಂದು ಮುಗಿಸುತ್ತದೆ.

ಟೊಮೆಟೊ ಹಳದಿಯಾದ ಅದೇ ಪಾತಿಯಲ್ಲಿ ಈ ಸಲ ಬೀನ್ಸ್ ಹಾಕಿದ್ದೆ. ಮೊನ್ನೆ ಒಂದು ಗಿಡ ಕಿತ್ತು, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿದೆ. ಒಳಗೆ ನಸುಗೆಂಪು. ಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿಯುತ್ತಿವೆ ಅನ್ನುವುದಕ್ಕೆ ಅದೇ ಗುರುತು. ಉಳಿದ ಗಿಡಗಳನ್ನು ಕೊಯ್ಲಾದ ಮೇಲೆ ಬುಡಕ್ಕೆ ಕತ್ತರಿಸಿ, ಬೇರನ್ನು ಮಣ್ಣಿನಲ್ಲೇ ಬಿಡುತ್ತೇನೆ.